ಹೈಡ್ರೋಫೋನಿನ ಗುಂಯ್ ಸದ್ದು ಅಡಗಿಸಿದ್ದು ಹೀಗೆ

ನೀರಿಗಿಳಿಸಿದ ಕೂಡಲೇ ಗುಂಯ್ ಅನ್ನುತ್ತಿದ್ದ ನನ್ನ ಹೈಡ್ರೋಫೋನ್, ಅಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕ್, ಈಗ ತೆಪ್ಪಗಿದೆ. ‘ಫಿಲ್ಟರ್ ಹಾಕು, ಬೇರೆ ದಾರಿಯಿಲ್ಲ’ ಎಂದಿದ್ದವರಿಗೆ ಮೊನ್ನೆಯ ರೆಕಾರ್ಡಿಂಗ್ ಕೇಳಿಸಿದೆ. ಇಯರ್‌ಫೋನ್ ತೆಗೆಯದೆ ಎರಡು ಸಲ ಕೇಳಿದರು.

ಫಿಲ್ಟರನ್ನೂ ಹಾಕಿ ನೋಡಿದವನೇ ನಾನು. ಮನೆಯ ಕರೆಂಟಿನ ಕಂಪನವಾದ 50 ಹರ್ಟ್ಸ್ ಕತ್ತರಿಸಿದರೆ ಅದರ ಮೂರರಷ್ಟು, ಐದರಷ್ಟಾದ 150, 250 ಉಳಿದವು. ಅವನ್ನೂ ಕತ್ತರಿಸುತ್ತ ಹೋದಾಗ ದೂರದ ದೋಣಿಯ ಎಂಜಿನ್ ಸದ್ದೇ ಸೊರಗಿತು. ಆಮೇಲೆ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ (ಶೀಲ್ಡ್) ಎರಡು ಪದರ ಇರುವ ಕೇಬಲ್ ತಂದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ದುಡ್ಡು ಹೋಗಿದ್ದು ಅದಕ್ಕೇ. ತಗ್ಗಿದ್ದು 3 ಡೆಸಿಬೆಲ್ ಇದ್ದೀತು.

ಸುಳಿವು ಸಿಕ್ಕಿದ್ದು ಬಕೆಟ್‌ನಲ್ಲಿ. ರೆಕಾರ್ಡರ್ ಬ್ಯಾಟರಿಯ ಮೇಲೇ ಓಡುತ್ತಿತ್ತು. ನೀರಿಗೆ ಕೈ ಅದ್ದಿದೆ, ಗುಂಯ್ ಏರಿತು. ಕೈ ತೆಗೆದೆ, ಇಳಿಯಿತು. ಗುಂಯ್ ಸದ್ದು ನೀರಿನಿಂದಲೇ ಪೀಜೋ ಡಿಸ್ಕಿಗೆ (ಸದ್ದನ್ನು ವಿದ್ಯುತ್ತಾಗಿಸುವ, ಹಿತ್ತಾಳೆಗೆ ಅಂಟಿಸಿದ ಸೆರಾಮಿಕ್ ಬಿಲ್ಲೆ) ಹತ್ತುತ್ತಿತ್ತು, ಕೇಬಲ್‌ನದ್ದು ತಪ್ಪೇ ಇರಲಿಲ್ಲ. 27 ಮಿಲಿಮೀಟರ್ ಡಿಸ್ಕಿನ ಕೆಪ್ಯಾಸಿಟನ್ಸ್ ಸುಮಾರು 20 ನ್ಯಾನೋಫ್ಯಾರಡ್. ಅಂದರೆ 50 ಹರ್ಟ್ಸ್‌ನಲ್ಲಿ ಅದರ ವಿದ್ಯುತ್ ತಡೆ 160 ಕಿಲೋಓಮ್ ಆಸುಪಾಸು, ಬಹಳ ಹೆಚ್ಚು. ಅಂಥದ್ದನ್ನು ಬೆತ್ತಲೆ ಬಿಟ್ಟರೆ ಸುತ್ತಲಿನ ವಿದ್ಯುತ್ ಗದ್ದಲವೆಲ್ಲ ಅಂಟಿಕೊಳ್ಳುತ್ತದೆ.

ಹಾಗಾಗಿ ಎರಡು ಡಿಸ್ಕ್ ಎದುರುಬದುರು ಇಟ್ಟೆ. ಸೆರಾಮಿಕ್ ಒಳಗೆ, ಹಿತ್ತಾಳೆ ಹೊರಗೆ, ನಡುವೆ ತೆಳು ಉಂಗುರ. ಹಿತ್ತಾಳೆಯೇ ಶೀಲ್ಡ್ ಆಯಿತು, ಸಿಗ್ನಲ್ಲೂ ಕೂಡಿಕೊಂಡಿತು. ಬೆನ್ನಿಗೇ ಜೆಫೆಟ್ ಪ್ರೀಆಂಪ್, ಅಂದರೆ ಸಣ್ಣ ಸಿಗ್ನಲ್ಲನ್ನು ಅಲ್ಲೇ ಬಲಪಡಿಸುವ ಟ್ರಾನ್ಸಿಸ್ಟರ್ ಸರ್ಕ್ಯೂಟ್. ಹಿತ್ತಾಳೆ ಪ್ರೀಆಂಪಿನ ಸೊನ್ನೆ ವೋಲ್ಟ್ (ಗ್ರೌಂಡ್) ತಂತಿಗೆ, ಕೇಬಲ್ ಶೀಲ್ಡ್ ರೆಕಾರ್ಡರ್ ತುದಿಗೆ ಮಾತ್ರ. ಯಾವ ಲೋಹವೂ ನೀರಿಗೆ ತಾಗಬಾರದು.

ಇಲ್ಲೇ ಮೂರು ಪ್ರೀಆಂಪ್ ಕಳೆದುಕೊಂಡೆ. ಕೇಬಲ್ ಒಳಹೋಗುವ ಕಡೆ ಎಪಾಕ್ಸಿ ಅಂಟು ಕೂದಲೆಳೆಯಷ್ಟು ಬಿಟ್ಟಿತ್ತು. ಸೀಳಿ ನೋಡಿದರೆ ಶೀಲ್ಡಿನ ಜಡೆ ಒಂದು ಗೇಣು ದೂರ ಹಸಿರುಗಟ್ಟಿತ್ತು, ಬತ್ತಿ ಎಣ್ಣೆ ಹೀರಿದ ಹಾಗೆ ಉಪ್ಪುನೀರು ಹೀರಿತ್ತು. ಆ ಸಂದಿಗೆ ಈಗ ಏನು ಮೆತ್ತುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಆರು ತಿಂಗಳಿಂದ ಒಂದು ಹನಿಯೂ ಇಳಿದಿಲ್ಲ.

ಬಕೆಟ್‌ಗೆ ಚಮಚ ಚಮಚವಾಗಿ ಉಪ್ಪು ಹಾಕಿಯೂ ನೋಡಿದೆ. ಹಳೆಯ ಮಾದರಿಯಲ್ಲಿ ಪ್ರತಿ ಚಮಚಕ್ಕೂ ಸದ್ದು ಬದಲಾಗುತ್ತಿತ್ತು, ಹೊಸದು ಅಲುಗಲಿಲ್ಲ. ಬೇಕೆಂದೇ ಹಿತ್ತಾಳೆಯ ಮೇಲಿನ ಲೇಪಕ್ಕೆ ಸೂಜಿಯಿಂದ ಒಂದು ಗೀರು ಎಳೆದೆ, ಗುಂಯ್ ಮರಳಿತು. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದರೂ ಅಷ್ಟೇ, ಜೊತೆಗೆ ಕೀರಲು ಸದ್ದು. ಮೊದಲಿಗೆ ಹೋಲಿಸಿದರೆ ಗುಂಯ್ ಸದ್ದು ಈಗ ಸುಮಾರು 40 ಡೆಸಿಬೆಲ್ ಕೆಳಗಿದೆ.

ಐದು ಮೀಟರಿಗಿಂತ ಆಳಕ್ಕೆ ಇನ್ನೂ ಇಳಿಸಿಲ್ಲ. ನಡುವಿನ ಗಾಳಿಯಿಂದಾಗಿ ಡಿಸ್ಕ್‌ಗಳು ಒಳಕ್ಕೆ ಬಾಗುತ್ತವೆ. ಗಾಳಿಯ ಬದಲು ಎಣ್ಣೆ ತುಂಬಿ ನೋಡಿದೆ, ಸಿಗ್ನಲ್ಲೇ ಕುಗ್ಗಿತು. ಮುಂದಿನ ಸಲ ದಪ್ಪ ಹಿತ್ತಾಳೆಯ ಡಿಸ್ಕ್ ಹಾಕಿ ನೋಡಬೇಕು.