1896ರ ಜಗತ್ತನ್ನು ಒಂದೇ ಹಾಳೆಯ ಮೇಲೆ ತರುವ ಕ್ರಮ

ಮೊದಲು ಒಂದು ದೊಡ್ಡ ಡ್ರಾಯಿಂಗ್ ಹಾಳೆಯನ್ನು ತೆಗೆದುಕೊಂಡು, ಅಡ್ಡಲಾಗಿ ಹನ್ನೆರಡು ತಿಂಗಳುಗಳನ್ನೂ ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಭೂಖಂಡಗಳನ್ನೂ ಬರೆದುಕೊಳ್ಳಬೇಕು. ಬಲಗಡೆ ನಾಲ್ಕು ಬೆರಳಿನಷ್ಟು ಜಾಗವನ್ನು ಖಾಲಿ ಬಿಟ್ಟಿರಬೇಕು. ಅದು ಕೊನೆಯಲ್ಲಿ ಬೇಕಾಗುತ್ತದೆ.

ಘಟನೆಗಳನ್ನು ತುಂಬುವ ಮುನ್ನ ಪಂಚಾಂಗದ ಲೆಕ್ಕ ಸರಿಯಾಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯಾ ಮತ್ತು ಗ್ರೀಸ್ ಬಳಸುತ್ತಿದ್ದ ಜೂಲಿಯನ್ ಕ್ಯಾಲೆಂಡರ್ ಇಂದಿನ ಕ್ಯಾಲೆಂಡರಿಗಿಂತ ಹನ್ನೆರಡು ದಿನ ಹಿಂದಿತ್ತು. ಅಥೆನ್ಸಿನ ಮೊದಲ ಆಧುನಿಕ ಒಲಿಂಪಿಕ್ಸ್ ಆರಂಭವಾದದ್ದು ನಮಗೆ ಏಪ್ರಿಲ್ 6, ಗ್ರೀಕರಿಗೆ ಮಾರ್ಚ್ 25, ಅಂದರೆ ಅವರ ಸ್ವಾತಂತ್ರ್ಯ ದಿನ. ಎರಡನೆಯ ದಿನಾಂಕವನ್ನು ಬರೆಯದೆ ಹೋದರೆ ಆ ದಿನದ ಮಹತ್ವವೇ ಕೈತಪ್ಪುತ್ತದೆ. ಝಾರ್ ಎರಡನೆಯ ನಿಕೋಲಸನ ಪಟ್ಟಾಭಿಷೇಕದ ಸಂಭ್ರಮದಲ್ಲಿ ಮಾಸ್ಕೋದ ಖೋಡಿಂಕಾ ಮೈದಾನದಲ್ಲಿ ಸಾವಿರಕ್ಕೂ ಹೆಚ್ಚು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತದ್ದು ರಷ್ಯಾದ ಲೆಕ್ಕದಲ್ಲಿ ಮೇ 18. ಅದನ್ನು ನಮ್ಮ ಮೇ 30ಕ್ಕೆ ತರಬೇಕು. ಕನ್ನಡ ಓದುಗರು ಸಂವತ್ಸರವನ್ನೂ ಗುರುತಿಸುವುದು ಒಳ್ಳೆಯದು. 1896ರ ಯುಗಾದಿಗೆ ದುರ್ಮುಖಿ ಸಂವತ್ಸರ ಹುಟ್ಟಿತು. ಜನವರಿ 31ರಂದು ಧಾರವಾಡದಲ್ಲಿ ಜನಿಸಿದ ದ. ರಾ. ಬೇಂದ್ರೆಯವರು ಹಾಗಾಗಿ ಮನ್ಮಥ ಸಂವತ್ಸರಕ್ಕೆ ಸೇರುತ್ತಾರೆ.

ಇನ್ನು ಒಂದು ದಿನವನ್ನು ಆರಿಸಿಕೊಂಡು ಆ ಗೆರೆಯ ಉದ್ದಕ್ಕೂ ಕಣ್ಣು ಹಾಯಿಸಿರಿ. ಈ ಕೆಲಸದ ಜೀವ ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಮಾರ್ಚ್ 1, ಭಾನುವಾರ. ಇಥಿಯೋಪಿಯಾದ ಅಡ್ವಾದಲ್ಲಿ ಚಕ್ರವರ್ತಿ ಎರಡನೆಯ ಮೆನೆಲಿಕ್‌ನ ಸೇನೆ ಇಟಲಿಯ ಸೇನೆಯನ್ನು ಸೋಲಿಸಿತು. ಕಾರಣದ ಎಳೆಯನ್ನು ಹಿಡಿದು ಹಿಂದಕ್ಕೆ ಹೋದರೆ ಇಟಲಿ ಮತ್ತು ಇಥಿಯೋಪಿಯಾ 1889ರಲ್ಲಿ ಮಾಡಿಕೊಂಡ ವುಚಾಲೆ ಒಪ್ಪಂದ ಸಿಗುತ್ತದೆ. ಅದರ 17ನೆಯ ವಿಧಿ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಒಂದು ಅರ್ಥವನ್ನೂ ಇಟಾಲಿಯನ್ನಿನಲ್ಲಿ ಇಥಿಯೋಪಿಯಾವನ್ನು ಇಟಲಿಯ ಅಧೀನಕ್ಕೆ ತರುವ ಇನ್ನೊಂದು ಅರ್ಥವನ್ನೂ ಕೊಡುತ್ತಿತ್ತು. ಅದೇ ಭಾನುವಾರ ಪ್ಯಾರಿಸಿನಲ್ಲಿ ಭೌತವಿಜ್ಞಾನಿ ಆನ್ರಿ ಬೆಕೆರೆಲ್ ಮೇಜಿನ ಖಾನೆಯಿಂದ ಒಂದು ಛಾಯಾಚಿತ್ರದ ಫಲಕವನ್ನು ಹೊರತೆಗೆದನು. ಬಿಸಿಲಿಗೆ ಒಡ್ಡಲೆಂದು ಕಪ್ಪು ಕಾಗದದಲ್ಲಿ ಸುತ್ತಿ, ಮೇಲೆ ಯುರೇನಿಯಂ ಲವಣವಿಟ್ಟು, ಬಿಸಿಲಿಲ್ಲದ ಕಾರಣ ಹಾಗೆಯೇ ಎತ್ತಿಟ್ಟಿದ್ದ ಫಲಕವದು. ಮಸುಕಾದ ಗುರುತು ಸಿಕ್ಕೀತೆಂದು ತೊಳೆದು ನೋಡಿದರೆ ಅಚ್ಚೊತ್ತಿದಂತಹ ಆಕೃತಿ ಮೂಡಿತ್ತು. ವಿಕಿರಣಶೀಲತೆಯ, ಅಂದರೆ ಕೆಲವು ವಸ್ತುಗಳು ತಾವಾಗಿಯೇ ಕಿರಣ ಸೂಸುವ ಗುಣದ, ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ. ಈ ಎರಡು ಘಟನೆಗಳ ನಡುವೆ ಕಾರಣವನ್ನು ತೋರಿಸುವ ಬಾಣದ ಗುರುತು ಹಾಕಬಾರದು, ಅವು ಕೇವಲ ಏಕಕಾಲದವು. ಆದರೆ ಜರ್ಮನಿಯ ಭೌತವಿಜ್ಞಾನಿ ರಾಂಟ್‌ಗನ್ 1895ರ ಕೊನೆಯಲ್ಲಿ ಪ್ರಕಟಿಸಿದ ಎಕ್ಸ್-ಕಿರಣದ ಶೋಧದಿಂದ ಬೆಕೆರೆಲ್‌ನ ಖಾನೆಯವರೆಗೆ ಬಾಣವನ್ನು ಎಳೆಯಲೇಬೇಕು, ಏಕೆಂದರೆ ಆ ಸುದ್ದಿಯೇ ಅವನನ್ನು ಪ್ರಯೋಗಕ್ಕೆ ಹಚ್ಚಿತ್ತು.

ಯಾವುದಕ್ಕೆ ಎಷ್ಟು ಜಾಗ ಎಂಬುದನ್ನು ಖ್ಯಾತಿಯಿಂದ ನಿರ್ಧರಿಸಬೇಡಿರಿ. ಆಗಸ್ಟ್ 27ರಂದು ಒಂದು ಗಂಟೆಯೊಳಗೆ ಮುಗಿದ, ಪೂರ್ವ ಆಫ್ರಿಕಾದ ಜಾಂಜಿಬಾರ್ ಯುದ್ಧಕ್ಕೆ ಒಂದು ಸಾಲು ಸಾಕು. ಜೂನ್ 15ರ ಜಪಾನಿನ ಸನ್ರಿಕು ಸುನಾಮಿಗೆ ಹೆಚ್ಚು ಸ್ಥಳ ಬೇಕು: ಹಳೆಯ ಚಾಂದ್ರಮಾನದಂತೆ ಅಂದು ಗಂಡುಮಕ್ಕಳ ಹಬ್ಬ, ಮನೆಮನೆಯಲ್ಲಿ ಜನ ಸೇರಿದ್ದರು, ಸುಮಾರು 22,000 ಜನ ತೀರಿಕೊಂಡರು. ದೂರದ ಕಡಲಿನಲ್ಲಿದ್ದ ಮೀನುಗಾರರಿಗೆ ಅಲೆಯ ಅರಿವೇ ಆಗಿರಲಿಲ್ಲ, ಬೆಳಗ್ಗೆ ದಡಕ್ಕೆ ಬಂದಾಗ ಊರಿರಲಿಲ್ಲ.

ಕೊನೆಗೆ ಬಲಬದಿಯ ಖಾಲಿ ಜಾಗ, ಅದು ಮುಂದಿನ ವರ್ಷಗಳಿಗೆ. ಡಿಸೆಂಬರ್ 10ರಂದು ತೀರಿಕೊಂಡ ಆಲ್ಫ್ರೆಡ್ ನೊಬೆಲ್‌ನಿಂದ ಹೊರಟ ಬಾಣ 1901ರಲ್ಲಿ ಭೌತವಿಜ್ಞಾನದ ಮೊದಲ ನೊಬೆಲ್ ಪ್ರಶಸ್ತಿಯಾಗಿ ರಾಂಟ್‌ಗನ್‌ನನ್ನು ಮುಟ್ಟುತ್ತದೆ. ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪತ್ತೆಯಾದ ಪ್ಲೇಗಿನಿಂದ ಇನ್ನೊಂದು ಬಾಣವನ್ನು ಎಳೆಯಿರಿ: ಅದು 1898ರಲ್ಲಿ ಬೆಂಗಳೂರಿಗೆ ಬರುತ್ತದೆ, ಅಲ್ಲಿಂದ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳತ್ತ ಹೊರಟ ಕುಟುಂಬಗಳ ಜೊತೆಗೆ ಸಾಗುತ್ತದೆ.