ಬೇರು ನೋಡಿ ಬೆಳೆ ಬದಲಿಸುವುದು: ನಮ್ಮ ಹಿತ್ತಲಿನ ಯುಗಾದಿ ಸರದಿ

ಹಿತ್ತಲಿನ ಬೆಳೆ ಸರದಿಯನ್ನು ನಾನು ಕಾಗದದ ಮೇಲೆ ಶುರು ಮಾಡುವುದಿಲ್ಲ. ಚಳಿಗಾಲದ ಗಿಡಗಳನ್ನು ಕಿತ್ತು ಬೇರು ನೋಡಿದ ಮೇಲೆಯೇ ಪೆನ್ನು ಹಿಡಿಯುತ್ತೇನೆ. ಶಿವರಾತ್ರಿಯ ಹೊತ್ತಿಗೆ ಮೈಸೂರಿನಲ್ಲಿ ಚಳಿ ಸರಿದು ಬಿಸಿಲು ಚುರುಕಾಗುತ್ತದೆ. ಟೊಮೆಟೊ, ಬದನೆ, ಹುರುಳಿಕಾಯಿ, ನವಿಲುಕೋಸು ಎಲ್ಲವೂ ಕೊನೆಯ ಕೊಯ್ಲಿಗೆ ಬಂದಿರುತ್ತವೆ. ಆಗ ಒಂದೊಂದು ಮಡಿಯಿಂದಲೂ ಕೆಲವು ಗಿಡಗಳನ್ನು ಆರಿಸಿಕೊಂಡು, ಸುತ್ತಲಿನ ಮಣ್ಣು ಸಡಿಲಿಸಿ, ಬೇರು ಹರಿಯದಂತೆ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ ತೊಳೆಯುತ್ತೇನೆ. ಯುಗಾದಿಗೆ ಯಾವ ಮಡಿಗೆ ಯಾವ ಬೀಜ ಎಂಬುದು ಆ ಬಕೆಟ್ಟಿನ ಪಕ್ಕದಲ್ಲೇ ತೀರ್ಮಾನವಾಗುತ್ತದೆ.

ನಮ್ಮದು ಕೆಂಪು ಗೋಡು ಮಣ್ಣು, ಮನೆಯ ಹಿಂದೆ ನಾಲ್ಕು ಮಡಿಗಳು. ಸಂಪಿನ ಪಕ್ಕದ್ದು ಎತ್ತರದಲ್ಲಿದೆ, ಕಾಂಪೌಂಡ್ ಗೋಡೆಯ ಪಕ್ಕದ್ದು ತಗ್ಗಿನಲ್ಲಿದೆ. ನಡುವೆ ನುಗ್ಗೆ ಮರದಡಿಯ ಮಡಿ ಮತ್ತು ಚಪ್ಪರದ ಮಡಿ. ಈ ಇಳಿಜಾರು ಮುಖ್ಯ. ಮಣ್ಣಿನ ರೋಗಗಳು ನೀರಿನ ಜೊತೆ ಇಳಿಯುತ್ತವೆ. ಹಾಗಾಗಿ ರೋಗದ ಸಂಶಯವಿರುವ ಯಾವ ಬೆಳೆಯನ್ನೂ ನಾನು ಸಂಪಿನ ಪಕ್ಕದ ಮಡಿಯಲ್ಲಿ ಇಡುವುದಿಲ್ಲ.

ಬೆಳೆ ಪರಿವರ್ತನೆಯ ಮೊದಲ ಪಾಠ ಎಲ್ಲರಿಗೂ ಗೊತ್ತಿರುವುದೇ: ಒಂದೇ ಕುಟುಂಬದ ಬೆಳೆಯನ್ನು ಒಂದೇ ಜಾಗದಲ್ಲಿ ಬೆನ್ನುಬೆನ್ನಿಗೆ ಹಾಕಬಾರದು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದು ಕುಟುಂಬ. ಹೀರೆ, ಹಾಗಲ, ಪಡವಲ, ಸೌತೆ, ಕುಂಬಳ ಇನ್ನೊಂದು. ಅವರೆ, ಅಲಸಂದೆ, ಹುರುಳಿಕಾಯಿ ಮತ್ತೊಂದು. ಮೂಲಂಗಿ, ಎಲೆಕೋಸು, ಸಾಸಿವೆ ಬೇರೆ, ಬೆಂಡೆ ಬೇರೆ, ಈರುಳ್ಳಿ ಬೆಳ್ಳುಳ್ಳಿ ಬೇರೆ. ಬರಿಯ ಈ ಪಟ್ಟಿಯನ್ನೇ ನಂಬಿದರೆ ಟೊಮೆಟೊ ಆದ ಮೇಲೆ ಬೆಂಡೆ, ಬೆಂಡೆ ಆದ ಮೇಲೆ ಸೌತೆ, ಸೌತೆ ಆದ ಮೇಲೆ ಅಲಸಂದೆ ಹಾಕಿ ಸರದಿ ಸರಿಯಾಯಿತೆಂದು ನಿಶ್ಚಿಂತರಾಗಬಹುದು. ಆದರೆ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವಿಗೆ ಈ ನಾಲ್ಕೂ ಊಟವೇ. ಕುಟುಂಬ ಮೂರು ಬಾರಿ ಬದಲಾದರೂ ಹುಳುವಿನ ಪಾಲಿಗೆ ಒಂದು ದಿನವೂ ಉಪವಾಸ ಬಿದ್ದಿರುವುದಿಲ್ಲ. ಕಣ್ಣಿಗೆ ಕಾಣದ ಈ ಹುಳು ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿನಲ್ಲೇ ಒಂದು ತಲೆಮಾರು ಮುಗಿಸುತ್ತದೆ. ಹಿಮ ಬೀಳುವ ದೇಶಗಳ ತೋಟಗಾರರಿಗೆ ವರ್ಷಕ್ಕೆ ಒಂದೇ ಹಂಗಾಮು, ನಡುವೆ ಮಣ್ಣು ಹೆಪ್ಪುಗಟ್ಟಿ ಮಲಗುವ ಕಾಲವೂ ಉಂಟು. ನಮ್ಮಲ್ಲಿ ಮುಂಗಾರು, ಹಿಂಗಾರು, ಬೇಸಿಗೆ ಎಂದು ಮೂರು ಹಂಗಾಮು. ಮಣ್ಣು ಮಲಗುವುದೇ ಇಲ್ಲ. ಅವರ 'ನಾಲ್ಕು ವರ್ಷದ ಸರದಿ'ಯನ್ನು ನಮ್ಮ ಹಿತ್ತಲಿಗೆ ಹಾಗೆಯೇ ತಂದರೆ ಲೆಕ್ಕ ಕೂಡುವುದಿಲ್ಲ.

ಬೇರು ತೊಳೆದಾಗ ನಾನು ಹುಡುಕುವುದು ಎರಡು ಬಗೆಯ ಉಬ್ಬುಗಳನ್ನು. ಅವರೆ, ಹುರುಳಿಕಾಯಿಯ ಬೇರಿಗೆ ಅಂಟಿಕೊಂಡಿರುವ ಸಣ್ಣ ಗುಂಡನೆಯ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳ ಮನೆ. ಬೆರಳಿನಿಂದ ಉಜ್ಜಿದರೆ ಇವು ಸುಲಭವಾಗಿ ಕಳಚಿ ಬರುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅವು ಕೆಲಸ ಮಾಡುತ್ತಿವೆ ಎಂದರ್ಥ. ಜಂತುಹುಳುವಿನ ಗಂಟು ಹಾಗಲ್ಲ. ಅದು ಬೇರು ತಾನೇ ಊದಿಕೊಂಡ ಭಾಗ, ಉಜ್ಜಿದರೆ ಕಳಚುವುದಿಲ್ಲ, ಕಿತ್ತರೆ ಬೇರು ತುಂಡಾಗುತ್ತದೆ. ಹುರುಳಿಕಾಯಿಯ ಬೇರಿನಲ್ಲಿ ಎರಡೂ ಒಟ್ಟಿಗೆ ಇರಬಹುದಾದ್ದರಿಂದ ಅವಸರದಲ್ಲಿ ನೋಡಬಾರದು. ನಾನಂತೂ ಬಿಳಿ ತಟ್ಟೆಯಲ್ಲಿ ಹರಡಿಕೊಂಡು ಹಗಲು ಬೆಳಕಿನಲ್ಲೇ ನೋಡುತ್ತೇನೆ.

ಟೊಮೆಟೊ ಅಥವಾ ಬದನೆ ಗಿಡ ಹಸಿರಾಗಿದ್ದಾಗಲೇ ಇದ್ದಕ್ಕಿದ್ದಂತೆ ಬಾಡಿ ಬಿದ್ದಿದ್ದರೆ ಇನ್ನೊಂದು ಪರೀಕ್ಷೆಯೂ ಇದೆ. ಕಾಂಡದ ಬುಡದ ತುಂಡನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಬೇಕು. ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದುಬಂದರೆ ಅದು ದುಂಡಾಣು ಸೊರಗು ರೋಗ. ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಒಂದು ಹಂಗಾಮು ಬಿಟ್ಟರೆ ಸಾಲದು. ಅಂಥ ಮಡಿಗೆ ಬದನೆಯ ಕುಟುಂಬ ಬಹುಕಾಲ ಹೋಗಬಾರದು. ಹೋಗಲೇಬೇಕಾದರೆ ತಳಿ ನೋಡಿ ಆರಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ಎಲೆ ಮುರುಟು, ದುಂಡಾಣು ಸೊರಗು, ಮುಂಚಿತ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳಲೆಂದೇ ರೂಪಿಸಿದ ತಳಿ.

ಈ ಸಲ ಬೇರುಗಳು ಹೇಳಿದ್ದು ಸ್ಪಷ್ಟವಾಗಿತ್ತು. ಸಂಪಿನ ಮಡಿಯ ಹುರುಳಿಕಾಯಿ ಬೇರು ಶುದ್ಧ, ನಸುಗೆಂಪು ಗಂಟುಗಳು ತುಂಬಿದ್ದವು. ನುಗ್ಗೆ ಮಡಿಯ ನವಿಲುಕೋಸು, ಮೂಲಂಗಿಯಲ್ಲೂ ತೊಂದರೆ ಕಾಣಲಿಲ್ಲ. ಗೋಡೆಯ ಪಕ್ಕದ ಟೊಮೆಟೊ, ಬದನೆಯ ಬೇರುಗಳಲ್ಲಿ ಮಾತ್ರ ಉದ್ದಕ್ಕೂ ಊತ. ಆದ್ದರಿಂದ ಬೆಂಡೆ ಸಂಪಿನ ಮಡಿಗೆ ಹೋಯಿತು. ಗಂಟಿಗೆ ಬಹಳ ಬೇಗ ತುತ್ತಾಗುವ ಬೆಳೆ ಅದು, ಇರುವುದರಲ್ಲಿ ಅತ್ಯಂತ ಶುದ್ಧವಾದ ಮಣ್ಣು ಅದಕ್ಕೇ ಸಲ್ಲಬೇಕು. ನುಗ್ಗೆಯ ತೆಳುನೆರಳಿನಲ್ಲಿ ಕೊತ್ತಂಬರಿ, ಹರಿವೆ, ದಂಟು. ಬೇಸಿಗೆಯ ಬಟಾಬಯಲಿನಲ್ಲಿ ಕೊತ್ತಂಬರಿ ಎಲೆ ಕೊಡುವ ಮೊದಲೇ ಹೂವಿಗೆ ಓಡುತ್ತದೆ, ನೆರಳಿನಲ್ಲಿ ಸ್ವಲ್ಪ ತಾಳುತ್ತದೆ.

ಚಪ್ಪರದ ಮಡಿಯ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಹಿತ್ತಲುಗಳಲ್ಲಿ ಸರದಿ ಮುರಿದು ಬೀಳುವುದು ಇಲ್ಲಿಯೇ. ಕಂಬ ನೆಟ್ಟು ತಂತಿ ಎಳೆದು ಕಟ್ಟಿದ ಚಪ್ಪರವನ್ನು ಹಂಗಾಮಿಗೊಮ್ಮೆ ಕೀಳಲಾಗುವುದಿಲ್ಲ. ಹಾಗಾಗಿ ಹೀರೆ ಆದ ಮೇಲೆ ಹಾಗಲ, ಹಾಗಲ ಆದ ಮೇಲೆ ಪಡವಲ ಎಂದು ಒಂದೇ ಕುಟುಂಬ ಅಲ್ಲೇ ಸುತ್ತುತ್ತಿರುತ್ತದೆ. ಚಪ್ಪರವನ್ನು ಸರಿಸುವ ಬದಲು ಅದನ್ನು ಹತ್ತುವ ಬೇರೆ ಕುಟುಂಬದ ಬಳ್ಳಿಯನ್ನು ಹುಡುಕಿದರೆ ಸಾಕು. ನಮಗದು ಬಹಳ ಹತ್ತಿರದಲ್ಲೇ ಇದೆ: ಚಪ್ಪರದವರೆ. ಮುಂಗಾರಿನ ಕೊನೆಯಲ್ಲಿ ಬಿತ್ತಿದರೆ ಚಳಿಗಾಲವೆಲ್ಲ ಕಾಯಿ, ಸಂಕ್ರಾಂತಿ ಕಳೆದು ಬಳ್ಳಿ ಸೊರಗುವ ಹೊತ್ತಿಗೆ ಬುಡ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡುತ್ತೇನೆ. ಒಂದೆರಡು ಗಿಡ ಮಾತ್ರ ಪರೀಕ್ಷೆಗೆ ಕೀಳುವುದು. ಯುಗಾದಿಯ ಆಸುಪಾಸಿನಲ್ಲಿ ಅದೇ ಚಪ್ಪರಕ್ಕೆ ಹೀರೆ ಮತ್ತು ಹಾಗಲ. ಮುಂದಿನ ಸುತ್ತಿನಲ್ಲಿ ಬಸಳೆಯನ್ನೂ ಹಬ್ಬಿಸಬಹುದು, ಆದರೆ ಬಸಳೆಯ ಬೇರಿನಲ್ಲೂ ಗಂಟು ಕಟ್ಟುತ್ತದೆ. ಮಣ್ಣು ಶುದ್ಧವೆಂದು ಖಾತ್ರಿಯಾದರೆ ಮಾತ್ರ ಅದಕ್ಕೆ ಜಾಗ. ತೊಂಡೆ ವರ್ಷಗಟ್ಟಲೆ ನಿಲ್ಲುವ ಬಳ್ಳಿಯಾದ್ದರಿಂದ ಅದನ್ನು ಈ ಚಪ್ಪರಕ್ಕೆ ಬಿಡದೆ ಗೇಟಿನ ಹತ್ತಿರ ಪ್ರತ್ಯೇಕ ಹಬ್ಬಿಸಿದ್ದೇನೆ.

ದ್ವಿದಳ ಬೆಳೆ ಹಾಕಿದರೆ ಮಣ್ಣಿಗೆ ಸಾರಜನಕ ತುಂಬಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಿಡ ಹಿಡಿದಿಟ್ಟ ಸಾರಜನಕದ ದೊಡ್ಡ ಪಾಲು ಕಾಯಿ, ಕಾಳಿಗೆ ಹೋಗುತ್ತದೆ, ಅದನ್ನು ನಾವು ಸಾರಿಗೆ ಹಾಕಿ ಉಣ್ಣುತ್ತೇವೆ. ಮಣ್ಣಿಗೆ ನಿಜವಾಗಿ ಸಲ್ಲಬೇಕಾದರೆ ಹೂ ಬರುವ ಹೊತ್ತಿಗೇ ಗಿಡವನ್ನು ಕತ್ತರಿಸಿ ಮಣ್ಣಿಗೆ ಸೇರಿಸಬೇಕು. ಆದ್ದರಿಂದ ಅವರೆಯ ನಂತರವೂ ಹೀರೆಯ ಗುಣಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಕಡಿಮೆ ಮಾಡುವುದಿಲ್ಲ. ಮೂಲಂಗಿಗೆ ಮಾತ್ರ ಹಸಿ ಗೊಬ್ಬರ ಕೂಡದು, ಗೆಡ್ಡೆ ಕವಲೊಡೆಯುತ್ತದೆ. ಅದು ಹಿಂದಿನ ಬೆಳೆಗೆ ಹಾಕಿದ ಗೊಬ್ಬರದಲ್ಲೇ ಬೆಳೆಯಲಿ.

ಇನ್ನು ಗೋಡೆಯ ಮಡಿ. ಗಂಟು ಬಿದ್ದ ಈ ಮಣ್ಣನ್ನು ಬೇಸಿಗೆಯಲ್ಲಿ ಎರಡು ಭಾಗ ಮಾಡಿದ್ದೇನೆ. ಒಂದು ಭಾಗಕ್ಕೆ ಚೆಂಡು ಹೂ. ಇದನ್ನು ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ನೆಟ್ಟರೆ ಹುಳುವಿಗೆ ಏನೂ ಆಗುವುದಿಲ್ಲ. ಅದರ ಬೇರು ಓಡಾಡಿದ ಮಣ್ಣಿನಲ್ಲಿ ಮಾತ್ರ ಅದು ಕೆಲಸ ಮಾಡುವುದು. ಅದಕ್ಕಾಗಿ ಇಡೀ ಭಾಗವನ್ನು ಒತ್ತಾಗಿ ತುಂಬಿಸಿ, ಎರಡು ಮೂರು ತಿಂಗಳು ಪೂರ್ತಿ ಬೆಳೆಯಾಗಿಯೇ ಉಳಿಸಿಕೊಳ್ಳಬೇಕು. ಹೂವು ದೇವರಿಗೂ ಬಾಗಿಲಿಗೂ ಆಗುತ್ತದೆ, ಕೊನೆಗೆ ಗಿಡ ಕೊಚ್ಚಿ ಮಣ್ಣಿಗೆ. ಇನ್ನೊಂದು ಭಾಗಕ್ಕೆ ಅಪ್ಸೆಣಬು. ಇದು ಹಸಿರೆಲೆ ಗೊಬ್ಬರವೂ ಹೌದು, ಬೇರುಗಂಟಿನ ಹುಳುವಿಗೆ ಇದರ ಬೇರಿನಲ್ಲಿ ಸಂತಾನ ಬೆಳೆಸಲು ಬರುವುದೂ ಇಲ್ಲ. ಅಲಸಂದೆಯನ್ನು ಹಸಿರೆಲೆ ಗೊಬ್ಬರಕ್ಕೆ ಹಾಕುವವರು ಗಂಟಿರುವ ಮಡಿಯಲ್ಲಿ ಹಾಗೆ ಮಾಡಬಾರದೆಂದು ಬಿನ್ನವಿಸುತ್ತೇನೆ. ಬಿಸಿಲಿನಿಂದ ಮಣ್ಣು ಕಾಯಿಸುವ ವಿಧಾನವೂ ಒಳ್ಳೆಯದೇ. ಮಣ್ಣಿಗೆ ಚೆನ್ನಾಗಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಮೈಸೂರಿನಲ್ಲಿ ಇದಕ್ಕೆ ಮಾರ್ಚ್‌ನಿಂದ ಏಪ್ರಿಲ್ ಮಧ್ಯದವರೆಗಿನ ಅವಧಿಯೇ ಸರಿ, ಆಮೇಲೆ ಸಂಜೆ ಮಳೆಯ ಮೋಡಗಳು ಬಿಸಿಲನ್ನು ಕದಿಯುತ್ತವೆ.

ಹಾಗಾದರೆ ಟೊಮೆಟೊ ಎಲ್ಲಿ? ಬೇಸಿಗೆಯಲ್ಲಿ ನನ್ನ ಯಾವ ಮಡಿಯಲ್ಲೂ ಬದನೆಯ ಕುಟುಂಬ ಇರುವುದಿಲ್ಲ. ಒಣ ಬಿಸಿಲಿನಲ್ಲಿ ಬಿಳಿನೊಣ ಹೆಚ್ಚಿ ಎಲೆ ಮುರುಟು ರೋಗ ಹರಡುತ್ತದೆ, ಹೇಗಿದ್ದರೂ ಫಸಲು ಕಡಿಮೆ. ಅದನ್ನೇ ನೆಪ ಮಾಡಿಕೊಂಡು ಇಡೀ ಹಿತ್ತಲಿಗೆ ಈ ಕುಟುಂಬದಿಂದ ಬಿಡುವು ಕೊಡುತ್ತೇನೆ. ಮೆಣಸಿನಕಾಯಿ ಮಾತ್ರ ತಾರಸಿಯ ಚೀಲಗಳಲ್ಲಿದೆ, ಆ ಚೀಲದ ಮಣ್ಣು ಕೆಳಗಿನ ಮಡಿಗೆ ಬರುವುದಿಲ್ಲ. ಗಾಳಿಯಲ್ಲಿ ಹಾರಿ ಬರುವ ಬಿಳಿನೊಣಕ್ಕೆ, ಹಾಗಲವನ್ನು ಕೊಳೆಸುವ ಹಣ್ಣಿನ ನೊಣಕ್ಕೆ ಸರದಿಯಿಂದ ಉತ್ತರವಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಾಲ್ಕು ಹೆಜ್ಜೆ ದೂರದ ಮಡಿ ರೆಕ್ಕೆಯಿರುವುದಕ್ಕೆ ದೂರವೇ ಅಲ್ಲ.

ಬಿಡುವು ಕೊಟ್ಟ ಮಡಿಯಲ್ಲಿ ತಾನಾಗಿಯೇ ಹುಟ್ಟುವ ಗಣಿಕೆ ಸೊಪ್ಪಿನ ಬಗ್ಗೆ ಎಚ್ಚರವಿರಲಿ. ಅತ್ತೆಯವರಿಗೆ ಗಣಿಕೆ ಸೊಪ್ಪಿನ ಸಾರು ಬಹಳ ಇಷ್ಟ, ಕಿತ್ತು ಹಾಕಿದರೆ "ಅದೇನು ಮಾಡಿತಮ್ಮಾ ನಿನಗೆ?" ಎಂದು ಕೇಳುತ್ತಾರೆ. ಆದರೆ ಅದು ಬದನೆಯದೇ ಕುಟುಂಬ. ಜಂತುಹುಳುವಿಗೂ ಸೊರಗು ರೋಗಕ್ಕೂ ಅದರ ಬೇರಿನಲ್ಲಿ ಆಶ್ರಯ ಸಿಗುತ್ತದೆ. ಹಾಗಾಗಿ ಮಡಿಯಲ್ಲಿ ಕಂಡದ್ದನ್ನು ಎಳೆಯದಾಗಿದ್ದಾಗಲೇ ಬೇರುಸಹಿತ ಕಿತ್ತು ಅಡುಗೆಮನೆಗೆ ಕೊಡುತ್ತೇನೆ, ಅವರಿಗಾಗಿ ಒಂದು ಕುಂಡದಲ್ಲಿ ಬೇರೆಯೇ ಬೆಳೆಸಿದ್ದೇನೆ. ಸಲಿಕೆ, ಗುದ್ದಲಿಯನ್ನು ಗೋಡೆಯ ಮಡಿಯಲ್ಲಿ ಬಳಸಿದ ಮೇಲೆ ತೊಳೆಯದೆ ಬೇರೆ ಮಡಿಗೆ ಒಯ್ಯುವುದಿಲ್ಲ.

ಮೇ ಕೊನೆಗೆ, ಮುಂಗಾರಿಗೆ ಮೊದಲು, ಗೋಡೆಯ ಮಡಿಯ ಎರಡೂ ಭಾಗಗಳಿಂದ ಬೇರಿನ ಆಳದ ಮಣ್ಣು ತೆಗೆದು ಬೇರೆ ಬೇರೆ ಕುಂಡಗಳಲ್ಲಿ ತುಂಬಿ ಸೌತೆ ಬೀಜ ಹಾಕುತ್ತೇನೆ. ಸೌತೆಯ ಎಳೆ ಬೇರಿನಲ್ಲಿ ಗಂಟು ಬೇಗ ಕಾಣಿಸಿಕೊಳ್ಳುತ್ತದೆ, ಮೂರು ನಾಲ್ಕು ವಾರಕ್ಕೆ ಕಿತ್ತು ತೊಳೆದರೆ ಗೊತ್ತಾಗುತ್ತದೆ. ಗಂಟು ಕಂಡ ಭಾಗಕ್ಕೆ ಈರುಳ್ಳಿ, ಅದರ ನಂತರ ಮತ್ತೆ ಚೆಂಡು ಹೂ. ಕಾಣದ ಭಾಗಕ್ಕೆ ಬೇವಿನ ಹಿಂಡಿ ಸೇರಿಸಿ ಮೂಲಂಗಿ ಹಾಕುವುದು, ಟೊಮೆಟೊ ಸಸಿಯನ್ನು ಅಲ್ಲಿಗೆ ಕಳಿಸುವುದು ಹಿಂಗಾರಿನಲ್ಲಿ.