ಅಟ್ಟದಿಂದ ಇಳಿದ ಸಾಮಾನು ಯಾವುದು? ಪತ್ತೆ ಮಾಡುವುದು ಹೀಗೆ

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೆ ಹಳೇ ಮನೆ ಕೆಡವಿದರು. ಅಟ್ಟದಲ್ಲಿದ್ದ ಸಾಮಾನಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಮರದ ಬಟ್ಟಲು. ಒಂದೇ ಮರದ ತುಂಡಿನಲ್ಲಿ ಕಡೆದದ್ದು, ಎರಡೂ ಕೈ ಸೇರಿಸಿ ಹಿಡಿಯುವಷ್ಟು ಗಾತ್ರ. ಒಳಗೆ ನಡುಭಾಗ ಸಣ್ಣ ದಿಬ್ಬದಂತೆ ಉಬ್ಬಿತ್ತು. ಅದರ ಸುತ್ತ 12 ತೂತು. ಒಬ್ಬರು ಶಾವಿಗೆ ಒತ್ತುವುದು ಅಂದರು. ಇನ್ನೊಬ್ಬರು ಸೊಪ್ಪು ತೊಳೆಯುವುದು ಅಂದರು. ಯಾರಿಗೂ ಖಾತ್ರಿ ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಅದನ್ನು ಗುಜರಿಗೆ ಹಾಕುವ ಮೊದಲು ಒಂದು ವಾರ ಸಮಯ ಕೊಡಿ. ನಾನು ಮಾಡಿದ ಕ್ರಮ ಇಲ್ಲಿದೆ.

ಮೊದಲು, ತೊಳೆಯಬೇಡಿ

ಎಲ್ಲರೂ ಮಾಡುವ ತಪ್ಪು ಇದೇ. ಮನೆಗೆ ತಂದ ಕೂಡಲೇ ಸೋಪು, ಹುಣಸೆಹಣ್ಣು, ಉಪ್ಪುಕಾಗದ ಹಿಡಿದು ಉಜ್ಜಲು ಕೂರುತ್ತೇವೆ. ಆ ಕೊಳೆಯಲ್ಲೇ ಉತ್ತರ ಇರುತ್ತದೆ. ಒಣ ಬ್ರಷ್‌ನಿಂದ ಜೇಡರ ಬಲೆ ತೆಗೆಯಿರಿ, ಅಷ್ಟು ಸಾಕು. ಆಮೇಲೆ ಬಿಳಿ ಬಟ್ಟೆಯ ಮೇಲಿಟ್ಟು ಟಾರ್ಚ್ ಹಾಕಿ ಸಂದಿಗೊಂದಿ ನೋಡಿ. ಎಣ್ಣೆ ಜಿಡ್ಡೇ, ಮಸಿಯೇ, ಸುಣ್ಣವೇ, ಮಣ್ಣೇ? ನನ್ನ ಬಟ್ಟಲಿನಲ್ಲಿ ಜಿಡ್ಡು ಒಂಚೂರೂ ಇರಲಿಲ್ಲ. ಹಾಗಾಗಿ ಅದು ಅಡುಗೆ ಮನೆಯದ್ದಲ್ಲ ಅನ್ನುವ ಅನುಮಾನ ಅಲ್ಲೇ ಹುಟ್ಟಿತು. ಒಂದು ಬಿರುಕಿನಲ್ಲಿ ನಾಲ್ಕು ರಾಗಿ ಕಾಳು ಸಿಕ್ಕಿಕೊಂಡಿದ್ದವು. ಒಂದು ತೂತಿಗೆ ಮಾತ್ರ ಹಳೇ ಬಟ್ಟೆ ತುರುಕಿದ್ದರು. ಕಿತ್ತು ಹಾಕಬೇಕು ಅಂತ ಕೈ ಹೋಯಿತು, ತಡೆದುಕೊಂಡೆ.

ಸವೆದ ಜಾಗ ಹುಡುಕಿ

ಮರವಾಗಲಿ ಕಬ್ಬಿಣವಾಗಲಿ, ಕೈ ತಾಗಿದ ಕಡೆ ನುಣುಪಾಗುತ್ತದೆ. ಕೆಲಸ ಮಾಡಿದ ಕಡೆ ಸವೆಯುತ್ತದೆ. ಎರಡೂ ತಾಗದ ಕಡೆ ಉಳಿಯ ಗುರುತು ಹಾಗೇ ಉಳಿದಿರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಹಿಡಿ ಇರುವ ಸಾಮಾನಾದರೆ ಸುಮ್ನೆ ಕೈಯಲ್ಲಿ ಹಿಡಿದು ನೋಡಿ. ನಿಮ್ಮ ಹೆಬ್ಬೆರಳು ಹಳೆಯ ತಗ್ಗಿನಲ್ಲಿ ಸರಿಯಾಗಿ ಕೂತರೆ ಹಿಡಿಯುವ ರೀತಿ ಸಿಕ್ಕ ಹಾಗೆ. ಅಲಗು ಹಿಡಿಗೆ ಅಡ್ಡಲಾಗಿದೆಯೋ, ನೇರಕ್ಕಿದೆಯೋ ನೋಡಿ. ಅಡ್ಡಲಾಗಿದ್ದರೆ ಬಾಚಿಯ ಕಡೆಯದ್ದು, ಮರ ಕೆತ್ತುವುದಕ್ಕೆ. ನೇರಕ್ಕಿದ್ದರೆ ಕೊಡಲಿಯ ಕಡೆಯದ್ದು, ಕಡಿಯುವುದಕ್ಕೆ. ಅಲಗಿನ ಅಂಚಿನಲ್ಲಿ ಸಣ್ಣ ಹಲ್ಲು ತಾಗಿದರೆ ಪೈರು ಕೊಯ್ಯುವ ಕುಡುಗೋಲು ಇರಬಹುದು. ಪೆನ್ನಿನಷ್ಟು ಉದ್ದದ, ತುದಿ ಚೂಪಾದ ಕಬ್ಬಿಣದ ಕಡ್ಡಿ ಸಿಕ್ಕರೆ ದಬ್ಬಣ ಅಂತ ಮೂಲೆಗೆ ಎಸೆಯಬೇಡಿ. ಅದು ಓಲೆಗರಿಯ ಮೇಲೆ ಬರೆಯುತ್ತಿದ್ದ ಕಂಠ ಎಂಬ ಲೇಖನಿಯೂ ಆಗಿರಬಹುದು.

ನನ್ನ ಬಟ್ಟಲಿನ ಒಳಮೈ ಕನ್ನಡಿಯಂತೆ ನುಣುಪಾಗಿತ್ತು. ಹೊರಗೆ ಪ್ರತಿ ತೂತಿನ ಸುತ್ತ ಬಳೆಯಂತೆ ಒಂದು ಗೆರೆ. ಏನೋ ಕೊಳವೆಯನ್ನು ಅಲ್ಲಿ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿ ಆದ ಗುರುತು.

ಕಡ್ಡಿ ತೂರಿಸಿ ನೋಡಿ

ತೂತು ಇರುವ ಯಾವ ಸಾಮಾನಿಗೂ ಈ ಉಪಾಯ ಮಾಡಬಹುದು. ಊದುಬತ್ತಿ ಕಡ್ಡಿಯನ್ನು ಒತ್ತದೆ, ಮೆಲ್ಲಗೆ ಇಳಿಬಿಡಿ. ತೂತು ಯಾವ ಕಡೆ ಓರೆಯಾಗಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಬಟ್ಟೆ ತುರುಕಿದ್ದು ಬಿಟ್ಟು ಉಳಿದ 11ಕ್ಕೂ ಕಡ್ಡಿ ಇಳಿಸಿದೆ. ಕೆಳಗೆ ಅವು ಬೀಸಣಿಗೆಯಂತೆ ಬಿಚ್ಚಿಕೊಂಡವು. ಶಾವಿಗೆಗೆ ತೂತು ನೆಟ್ಟಗಿರಬೇಕು, ಅಲ್ವಾ? ಇದು ಮೇಲೆ ಹಾಕಿದ್ದನ್ನು ಬೇರೆ ಬೇರೆ ದಿಕ್ಕಿಗೆ ಹಂಚುವ ಬಟ್ಟಲು.

ಲೋಹದ್ದಾದರೆ ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆ, ತಾಮ್ರ, ಕಂಚಿಗೆ ಅಂಟುವುದಿಲ್ಲ. ತೂಕದ ಕಲ್ಲು, ಅಳತೆಯ ಪಾತ್ರೆ ಆದರೆ ಮೇಲಿನ ಬರಹ ಓದಿ. ಸೇರು, ಪಾವು ಎಂದಿದ್ದರೆ ಕಿಲೋ, ಲೀಟರು ಬರುವ ಮುಂಚಿನ ಲೆಕ್ಕದ್ದು. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ.

ಹಿರಿಯರ ಕೈಗೆ ಕೊಡಿ

ಫೋಟೊ ಕಳಿಸಿ 'ಇದು ಏನು?' ಎಂದು ಕೇಳಿದರೆ ಬರೀ ಊಹೆ ಬರುತ್ತದೆ. ಸಾಮಾನನ್ನೇ ಕೈಗೆ ಕೊಡಬೇಕು. ಆಮೇಲೆ ಬೇರೆ ಪ್ರಶ್ನೆ ಕೇಳಬೇಕು. ಇದನ್ನು ಯಾವ ಕಾಲದಲ್ಲಿ ತೆಗೆಯುತ್ತಿದ್ದರು? ಗಂಡಸರು ಹಿಡಿಯುತ್ತಿದ್ದರೋ, ಹೆಂಗಸರೋ? ಕೂತು ಮಾಡುವ ಕೆಲಸವೋ, ನಿಂತು ಮಾಡುವುದೋ?

ನಮ್ಮ ಸೋದರತ್ತೆಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಒಮ್ಮೆ ಸವರಿದರು. ಅವರ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಬೆರಳ ಸಂದಿಯಿಂದ ಏನನ್ನೋ ಸಣ್ಣಗೆ ಬಿಡುವಂತೆ ಆಡತೊಡಗಿತು.

"ಕೂರಿಗೆ ಬಟ್ಲು ಕಣೋ ಮಗಾ. ಇದನ್ಯಾಕೆ ಅಡಿಗೆ ಮನೇಲಿ ಇಟ್ಟಿದ್ಯಾ?"

ಕೂರಿಗೆ ಅಂದರೆ ಸಾಲಾಗಿ ಬೀಜ ಬಿತ್ತುವ ಸಾಧನ. ಎತ್ತಿನ ಹಿಂದೆ ಅದು ಹೋಗುತ್ತಿದ್ದರೆ, ಜೊತೆಯಲ್ಲೇ ನಡೆಯುತ್ತಾ ಬಟ್ಟಲಿಗೆ ರಾಗಿ ಬಿಡುತ್ತಿದ್ದವರು ಇವರೇ. ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು, 12 ಸಾಲಿಗೆ ಒಟ್ಟಿಗೆ ಬೀಳುತ್ತಿತ್ತು. ಸಾಲು ಹಿಡಿದು ಬಿತ್ತಿದ್ದರಿಂದ ನಡುವೆ ಕುಂಟೆ ಹೊಡೆದು ಕಳೆ ತೆಗೆಯಬಹುದಿತ್ತು. ಆ ಬಟ್ಟೆ ತುರುಕಿದ ತೂತು? "ಅದು ಅಕ್ಕಡಿ ಸಾಲಿಗೆ" ಅಂದರು. ಅಕ್ಕಡಿ ಅಂದರೆ ಮುಖ್ಯ ಬೆಳೆಯ ನಡುವೆ ಹಾಕುವ ಬೇರೆ ಬೆಳೆ. ಆ ಸಾಲಿನಲ್ಲಿ ರಾಗಿ ಬೀಳದಂತೆ ಮುಚ್ಚಿ, ಹಿಂದೆ ಕಟ್ಟಿದ ಬೇರೆ ಕೊಳವೆಯಿಂದ ಅವರೆ, ತೊಗರಿ ಬಿಡುತ್ತಿದ್ದರಂತೆ. ನಾನು ಆ ಬಟ್ಟೆ ಕಿತ್ತಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ.

ಇನ್ನೊಂದು ಕಡೆ ತಾಳೆ ನೋಡಿ

ಒಬ್ಬರ ಮಾತಿಗೆ ನಿಲ್ಲಿಸಬೇಡಿ. ರಾಮನಗರದ ಜಾನಪದ ಲೋಕದಲ್ಲೋ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲೋ ಇರುವ ಸಾಮಾನಿನ ಜೊತೆ ಹೋಲಿಸಿ. ಹಳೆಯ ಪ್ರವಾಸಿಗರ ಬರಹವೂ ನೆರವಿಗೆ ಬರುತ್ತದೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಇಲ್ಲಿನ ಕೂರಿಗೆಯನ್ನೂ ಗಮನಿಸಿ ಬರೆದಿದ್ದಾನೆ.

ಕೊನೆಗೆ, ಚೀಟಿ ಕಟ್ಟಿ

ಹೆಸರು, ಊರು, ಯಾರು ಬಳಸಿದ್ದು, ಯಾರು ಹೇಳಿದ್ದು. ಇಷ್ಟನ್ನು ದಪ್ಪ ಕಾಗದದಲ್ಲಿ ಬರೆದು ದಾರದಲ್ಲಿ ಕಟ್ಟಿ. ಗಮ್ ಹಚ್ಚಬೇಡಿ. ಮರದ ಸಾಮಾನನ್ನು ಬಿಸಿಲಲ್ಲಿ ಒಣಗಿಸಿದರೆ ಸೀಳುತ್ತದೆ, ನೆರಳಲ್ಲೇ ಇಡಿ. ಹೇಳಿದವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅತ್ತೆಯ ಕೈ ಆಡಿದ ಆ ರೀತಿಯನ್ನು ನಾನು ವಿಡಿಯೊ ಮಾಡಿಟ್ಟಿದ್ದೇನೆ.

ಕೂರಿಗೆಯ ದಿಂಡು, ಅಂದರೆ ಕೊಳವೆಗಳು ಕೂರುವ ತೊಲೆ, ಎಲ್ಲಿ ಹೋಯಿತು ಎಂದು ಅತ್ತೆಯನ್ನೇ ಕೇಳಿದೆ. ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಸಾಲಾಗಿ ತೂತಿರುವ ಒಂದು ತೊಲೆ ಇದೆಯಂತೆ. ಬರುವ ಭಾನುವಾರ ಏಣಿ ಹಾಕಿ ಆ ತೂತುಗಳನ್ನು ಎಣಿಸಬೇಕು.